ಪುಟ್ಟನ ಕುರು ವಿಷಯ: ಎಲ್ಲವನ್ನೂ ಒಬ್ಬರೇ ಡಾಕ್ಟರಿಗೆ ತೋರಿಸಿ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡಿದೆ. ಪುಟ್ಟನಿಗೆ ಕಿವಿ ಹಿಂದೆ, ಕತ್ತಿನ ಹಿಂದೆ ಮತ್ತೆ ಕುರು ಎದ್ದಿದೆ, ಕೊಯ್ಯಿಸಿದರೂ ಅದೇ ಜಾಗದಲ್ಲಿ ಬರುತ್ತಿದೆ ಅಂತ ಬರೆದಿದ್ದೀರಿ. ಅಪ್ಪ ಉಷ್ಣ ಅಂತಾರೆ, ಎಳನೀರು ಕುಡಿಸಿ ಅಂತಾರೆ. ಕುಡಿಯಲಿ ಪಾಪ, ಬೇಡ ಅನ್ನಲ್ಲ. ಆದರೆ ವರ್ಷಗಟ್ಟಲೆ ಅದೇ ಜಾಗ ಹುಡುಕಿಕೊಂಡು ಬರುವ ಕುರುವನ್ನು ಉಷ್ಣ ಅಂತ ಬಿಡಬಾರದು.

ಕಾಲೇಜಿನಲ್ಲಿದ್ದಾಗ ಅವನಿಗೆ ಬೆನ್ನುಮೂಳೆಯ ತುದಿಯಲ್ಲಿ ಪೈಲೊನೈಡಲ್ ಸೈನಸ್ (ಚರ್ಮದೊಳಗೆ ಕೂದಲು ಸಿಕ್ಕಿಕೊಂಡು ಕೀವು ತುಂಬುವ ತೂತು) ಆಪರೇಷನ್ ಆಗಿತ್ತಲ್ವಾ? ಅದೂ ಇದೂ ನಂಟರಿರಬಹುದು. ಹೈಡ್ರಾಡಿನೈಟಿಸ್ ಸಪ್ಪುರೇಟೈವಾ ಅಂತ ಒಂದು ಕಾಯಿಲೆ ಇದೆ, ಚರ್ಮದ ಡಾಕ್ಟರುಗಳು ಎಚ್‌ಎಸ್ ಅಂತಾರೆ. ಕೂದಲ ಬುಡ ಮುಚ್ಚಿಕೊಂಡು, ಊದಿ, ಒಳಗೇ ಒಡೆಯುತ್ತದೆ. ಬರುಬರುತ್ತಾ ಚರ್ಮದಡಿ ಇಲಿ ಬಿಲದ ಹಾಗೆ ಒಂದು ತೂತಿನಿಂದ ಇನ್ನೊಂದಕ್ಕೆ ದಾರಿಯಾಗುತ್ತದೆ. ಮೇಲಿಂದ ಕೊಯ್ದರೆ ಕೀವು ಹೋಗುತ್ತದೆ, ದಾರಿ ಹಾಗೇ ಇರುತ್ತದೆ.

ಸಾಮಾನ್ಯವಾಗಿ ಇದು ಕಂಕುಳು, ತೊಡೆಸಂದಿಯಲ್ಲಿ ಬರುತ್ತದೆ. ಕಿವಿ ಹಿಂದೆ, ಕತ್ತು, ಬೆನ್ನು ಅಂದರೆ ಎಷ್ಟೋ ಡಾಕ್ಟರಿಗೂ ತಟ್ಟನೆ ಹೊಳೆಯಲ್ಲ. ತಲೆಯಲ್ಲಿ ಗಂಟೆದ್ದು ಆ ಜಾಗದ ಕೂದಲು ಉದುರುವುದು, ಬೆನ್ನು ತುಂಬ ಕೀವು ಗಂಟಿನ ಮೊಡವೆ, ಈ ಎಚ್‌ಎಸ್, ಮೂರೂ ಕೂದಲ ಬುಡ ಮುಚ್ಚಿಕೊಂಡು ಬರುವ ಒಂದೇ ಗುಂಪಿನ ಕಾಯಿಲೆ ಅಂತ ಚರ್ಮದ ಡಾಕ್ಟರುಗಳು 1956ರಲ್ಲೇ ಅಂದಿದ್ದರು. ಪುಟ್ಟನಿಗಾಗಿದ್ದ ಪೈಲೊನೈಡಲ್ ಸೈನಸ್ ಆ ಗುಂಪಿಗೆ ಸೇರಿದ್ದು 1975ರಲ್ಲಿ. ಆ ಸೈನಸ್ಸೂ ವಿಚಿತ್ರವೇ, ಕ್ಷೌರದವರಿಗೆ ಗಿರಾಕಿಯ ತುಂಡು ಕೂದಲು ಚುಚ್ಚಿಕೊಂಡು ಬೆರಳ ಸಂದಿಯಲ್ಲೂ ಆಗುತ್ತದೆ!

ಮೊಬೈಲ್ ಟಾರ್ಚ್ ಹಾಕಿ ಅವನ ಕಿವಿ ಹಿಂದೆ, ಕಂಕುಳಲ್ಲಿ ನೋಡಿ. ಅಕ್ಕಪಕ್ಕ ಜೋಡಿಯಾಗಿ ಎರಡು ಕಪ್ಪು ಚುಕ್ಕೆ, ಬ್ಲ್ಯಾಕ್‌ಹೆಡ್ ತರಹ, ಕಂಡರೆ ಡಾಕ್ಟರಿಗೆ ತಪ್ಪದೆ ಹೇಳಿ. ಹಿಸುಕಬೇಡಿ.

ಟವೆಲ್, ಸೋಪು ಬೇರೆ ಇಟ್ಟಿದ್ದೀರಂತೆ. ಸುಮ್ನೆ ಅವನ ಮನಸ್ಸಿಗೆ ನೋವು. ಎಚ್‌ಎಸ್ ಆಗಿದ್ದರೆ ಅದು ಕೊಳಕಿನಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಸಿಗರೇಟು ಸೇದುವವರಲ್ಲಿ ಜಾಸ್ತಿ ಕಾಣುತ್ತದೆ. ಪುಟ್ಟನೂ ನಮ್ಮ ಈ ಮೆಸೇಜ್ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ.

ಎಚ್‌ಎಸ್ಸೇ ಅಂತ ನಾನು ಹೇಳುತ್ತಿಲ್ಲ, ಅದನ್ನು ಚರ್ಮದ ಡಾಕ್ಟರೇ ನೋಡಿ ಹೇಳಬೇಕು. ಹೌದಾದರೆ ತಿಂಗಳುಗಟ್ಟಲೆ ಮಾತ್ರೆ ಇದೆ, ಅಡಾಲಿಮುಮಾಬ್ ಅನ್ನುವ ಇಂಜೆಕ್ಷನ್ ಇದೆ, ಒಳಗಿನ ದಾರಿಯನ್ನೇ ಬಿಡಿಸುವ ಆಪರೇಷನ್ ಇದೆ. ಸೈನಸ್ ಆಪರೇಷನ್ ಆದಾಗ ಆಸ್ಪತ್ರೆಯವರು ಕೊಟ್ಟ ಆ ಹಳೇ ಡಿಸ್ಚಾರ್ಜ್ ಕಾಗದ ಬೀರುವಿನಿಂದ ತೆಗೆದಿಡಿ. ಅಪಾಯಿಂಟ್‌ಮೆಂಟ್ ದಿನ ಕುರು ಇಳಿದಿರುತ್ತದೆ, ಅದಕ್ಕೆ ಇವತ್ತೇ ಫೋಟೋ ತೆಗೆಯಿರಿ. ಜ್ವರ ಬಂದರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹೋಗಿ.