‘ಸದ್ದಿಗೆ ಒಡ್ಡಿಕೆ’ ಅನ್ನಬಹುದೇ? ನಾಳೆ ಸಂಜೆಯೊಳಗೆ ಬೇಕು

ವಿರಾಜಪೇಟೆಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಇರುವುದು ಬೆಂಗಳೂರಿನ ಕಡೆ, ವಿಮಾನ ಇಳಿಯುವ ದಾರಿಯ ಕೆಳಗೆ. ಫೋನ್ ಮಾಡಿದರೆ ನಡುನಡುವೆ ‘ಇರು, ಹೋಗ್ಲಿ’ ಅನ್ನುತ್ತಾಳೆ. ಅದು ಹೋಗುವವರೆಗೆ ಇಬ್ಬರೂ ಸುಮ್ನೆ ಇರುತ್ತೇವೆ. ಅವರ ಬಡಾವಣೆಯವರು ಒಂದು ಕರಪತ್ರ ಮಾಡುತ್ತಿದ್ದಾರೆ, ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ. ‘ನಾಯ್ಸ್ ಎಕ್ಸ್‌ಪೋಷರ್’ ಅನ್ನುವಲ್ಲಿ ಗಾಡಿ ನಿಂತಿತು. ನಾಯ್ಸ್‌ಗೆ ಸದ್ದು ಸಾಕು. ಎಕ್ಸ್‌ಪೋಷರ್‌ಗೆ? ‘ಒಡ್ಡಿಕೊಳ್ಳುವಿಕೆ’ ಅಂತ ಕೆಲವೆಡೆ ನೋಡಿದ್ದೇನೆ. ಯಾಕೋ ಬಾಯಿಗೆ ಹತ್ತುತ್ತಿಲ್ಲ.

ಒಂದು ವಿಮಾನ ಎಷ್ಟು ಅಬ್ಬರಿಸಿತು ಅನ್ನುವ ಮಾತಲ್ಲ ಇದು. ದಿನಕ್ಕೆ ಎಷ್ಟು ಹೋದವು, ಎಷ್ಟು ಜೋರು, ಯಾವ ಹೊತ್ತಿನಲ್ಲಿ, ಎಲ್ಲ ಸೇರಿ ಆ ಮನೆಯವರ ಪಾಲಿಗೆ ಎಷ್ಟು ಬಂತು ಅನ್ನುವ ಲೆಕ್ಕ. ಯುರೋಪಿನ ಲೆಕ್ಕದಲ್ಲಿ ಸಂಜೆಯ ಸದ್ದಿಗೆ 5, ರಾತ್ರಿಯದಕ್ಕೆ 10 ಡೆಸಿಬೆಲ್ ಜಾಸ್ತಿ ಸೇರಿಸುತ್ತಾರೆ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಹೇಳಿದ ಮಿತಿ ಇಡೀ ದಿನಕ್ಕೆ 45, ರಾತ್ರಿಗೆ 40. ಈ ಅಂಕಿಗಳ ಪಕ್ಕ ಕೂರುವಂಥ ಪದ ಬೇಕು.

ಮಡಿಕೇರಿಯಿಂದ:

ಒಡ್ಡಿಕೆ. ಅಷ್ಟೇ. ‘ಒಡ್ಡು’ ಅಚ್ಚಗನ್ನಡ, ‘ಇಕೆ’ ಸೇರಿಸಿದರೆ ಮುಗಿಯಿತು. ಶಬ್ದ ಬಿಟ್ಟು ಸದ್ದು ಹಿಡಿದಿರಲ್ಲ, ಒಳ್ಳೆಯದಾಯಿತು. ವಿಮಾನವನ್ನೂ ಬಿಡಿ, ಬಾನೋಡ ಅನ್ನಿ.

ಸೋಮವಾರಪೇಟೆಯಿಂದ:

ಶಬ್ದ, ಪ್ರಾಕೃತದಲ್ಲಿ ಸದ್ದ, ನಮ್ಮಲ್ಲಿ ಸದ್ದು. ಹೈಸ್ಕೂಲಿನ ತತ್ಸಮ–ತದ್ಭವ ಪಟ್ಟಿಯಲ್ಲೇ ಇದೆ. ನೋಡಿಕೊಳ್ಳಿ.

ಇನ್ನು ಒಡ್ಡಿಕೆ. ಕೈಯೊಡ್ಡುವವನು, ಕೊರಳೊಡ್ಡುವವನು ತಾನಾಗಿಯೇ ಒಡ್ಡುತ್ತಾನೆ. ನಿಮ್ಮ ಅಕ್ಕ ಬೇಕಂತ ಕಿವಿ ಒಡ್ಡಿ ಕೂತಿದ್ದಾರಾ? ಇನ್ನೊಂದು ತಾಪತ್ರಯವೂ ಇದೆ. ನೀರಿಗೆ ಅಡ್ಡ ಕಟ್ಟುವುದಕ್ಕೂ ಒಡ್ಡು ಅನ್ನುತ್ತೇವೆ. ಹೆದ್ದಾರಿ ಪಕ್ಕ ಸದ್ದು ತಡೆಯುವ ಗೋಡೆ ನಿಲ್ಲಿಸುತ್ತಾರಲ್ಲ, ‘ಸದ್ದಿನ ಒಡ್ಡು’ ಅಂದರೆ ಅದಕ್ಕೆ ಸರಿಹೋಗುತ್ತದೆ. ಒಂದೇ ಕರಪತ್ರದಲ್ಲಿ ತಾಗುವುದೂ ಒಡ್ಡು, ತಡೆಯುವುದೂ ಒಡ್ಡು ಆದರೆ ಓದುವವರ ಗತಿ?

ನಮ್ಮ ತೋಟಗಳಲ್ಲಿ ಮಳೆಯನ್ನು ಹೇಗೆ ಬರೆದಿಡುತ್ತೇವೆ ನೋಡಿ. ನಮ್ಮಪ್ಪ ದಿನಾ ಬೆಳಿಗ್ಗೆ ಮಳೆ ಅಳೆಯುವ ಡಬ್ಬದ ನೀರನ್ನು ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ‘ಒಂದು ಇಂಚು ಇಪ್ಪತ್ತು ಸೆಂಟು’ ಅಂತ ಡೈರಿಗೆ ಹಾಕುತ್ತಿದ್ದರು. ಗುಡುಗು ಎಷ್ಟು ಜೋರು ಅಂತ ಯಾವತ್ತೂ ಬರೆಯಲಿಲ್ಲ. ನಮ್ಮ ತೋಟಕ್ಕೆ ಎಷ್ಟು ಬಿತ್ತು, ಅದೇ ಲೆಕ್ಕ. ಪಕ್ಕದ ತೋಟದ್ದು ಬೇರೆ. ನೀವು ಕೇಳುತ್ತಿರುವುದೂ ಅದನ್ನೇ ಅಲ್ವಾ? ‘ಬಿದ್ದ ಸದ್ದು’ ಅನ್ನಿ. ಮಾತು ಕಿವಿಗೆ ಬೀಳುವುದು ನಮಗೇನು ಹೊಸದಲ್ಲ.

ಮಡಿಕೇರಿಯಿಂದ:

ತದ್ಭವ ಆದ ಮೇಲೆ ಅದು ನಮ್ಮದೇ. ಮಳೆಯ ಹೋಲಿಕೆ ತಪ್ಪು. ಇಂಚಿಗೆ ಇಂಚು ಕೂಡಬಹುದು, ಡೆಸಿಬೆಲ್ ಹಾಗೆ ಕೂಡುವುದಿಲ್ಲ. 60ರ ಎರಡು ಸದ್ದು ಒಟ್ಟಿಗೆ ಬಂದರೆ 63, 120 ಅಲ್ಲ. ಮೊದಲು ಡೆಸಿಬೆಲ್‌ಗೆ ಕನ್ನಡ ಹುಡುಕಿ.

ಗೋಣಿಕೊಪ್ಪದಿಂದ:

ಡೆಸಿಬೆಲ್‌ನಲ್ಲಿರುವ ಬೆಲ್ ಟೆಲಿಫೋನಿನ ಗ್ರಹಾಂ ಬೆಲ್. ಗಂಟೆ ಅಂತೀರಾ? ಶಬ್ದ ಸವೆದು ಸದ್ದಾದರೆ ನಮ್ಮದು, ವಿಮಾನ ಸವೆಯದೆ ಉಳಿದದ್ದಕ್ಕೆ ಪರಕೀಯ. ಇದ್ಯಾವ ನ್ಯಾಯ? ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ‘ಬಾನೋಡ’ ಅಂದು ನೋಡಿ, ಅದು ಯಾವ ಊರಿನ ಬಸ್ಸು ಅಂತ ಕೇಳುತ್ತಾರೆ.

ಮಡಿಕೇರಿಯಿಂದ:

ಬಸ್ಸು ಅಂತ ಬರೆಯುವವರ ಹತ್ತಿರ ನನಗೆ ಮಾತಿಲ್ಲ.

ವಿರಾಜಪೇಟೆಯಿಂದ:

ಜಗಳ ಆಮೇಲೆ ಮಾಡಿ ಪುಣ್ಯಾತ್ಮರೇ, ನನಗೆ ಹೊತ್ತಾಯಿತು. ಕೂಡುವ ರೀತಿ ಬೇರೆ ಇರಬಹುದು, ಬೀಳುವುದು ಬೀಳುವುದೇ. ಸೋಮವಾರಪೇಟೆಯ ಪದ ಹಿಡಿದೆ. ಮೊದಲು ‘ನಮ್ಮ ಮನೆಗಳ ಮೇಲೆ ಬೀಳುವ ವಿಮಾನದ ಸದ್ದು’ ಅಂತ ಬರೆದಿದ್ದೆ. ಅಕ್ಕನಿಗೆ ಓದಿ ಹೇಳಿದರೆ ಹೌಹಾರಿದಳು: ‘ಬೀಳೋದು ಸದ್ದೋ ವಿಮಾನವೋ?’ ತಿರುಗಿಸಿ ಹಾಕಿದ್ದು ಹೀಗೆ: ‘ವಿಮಾನದ ಸದ್ದು: ನಮ್ಮ ಮನೆಗೆ ಬೀಳುವುದು ಎಷ್ಟು?’ ಒಳಗೆ ಅಂಕಿ ಬಂದಲ್ಲೆಲ್ಲ ‘ಬಿದ್ದ ಸದ್ದು’. ಮುದ್ರಣಕ್ಕೆ ಹೋಯಿತು. ಎಲ್ಲರಿಗೂ ಧನ್ಯವಾದ.

ಮಡಿಕೇರಿಯಿಂದ:

ಮುದ್ರಣ ಅಲ್ಲ, ಅಚ್ಚು.