ಸರೋವರದ ಪಕ್ಕವೋ, ಕಾಡಿನೊಳಗೋ, ಜಲಪಾತದ ಹತ್ತಿರವೋ? ನೀವು ಟೆಂಟ್ ಎಲ್ಲಿ ಹಾಕ್ತೀರಿ?

ಒದ್ದೆಕಾಲ್ಚೀಲ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳ ಕೊನೆಗೆ ನಾನೂ ನನ್ನ ತಮ್ಮನೂ ಮೊದಲ ಸಲ ಬೆಟ್ಟದ ಮೇಲಿನ ಸರೋವರದ ಪಕ್ಕ ಟೆಂಟ್ ಹಾಕಿದ್ದೆವು. ಪಕ್ಕ ಅಂದರೆ ಪಕ್ಕಾನೇ, ಟೆಂಟಿನಿಂದ ಕೈ ಚಾಚಿದರೆ ನೀರು. ಸಂಜೆ ನೋಡೋಕೆ ಎರಡು ಕಣ್ಣು ಸಾಲದು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಟೆಂಟಿನ ಒಳಗಿಂದ ಹನಿ ಹನಿ ನೀರು ಮುಖದ ಮೇಲೆ ಬೀಳುತ್ತಿದೆ, ಸ್ಲೀಪಿಂಗ್ ಬ್ಯಾಗ್ ಒದ್ದೆ, ಹಲ್ಲು ಕಟಕಟ. ಮಳೆ ಮಾತ್ರ ಒಂದು ಹನಿಯೂ ಬಂದಿರಲಿಲ್ಲ!

ಮುಂದಿನ ಸಲ ಜಲಪಾತದ ಹತ್ತಿರ ಹೋಗೋಣ, ನೀರಿನ ಸದ್ದಿಗೆ ಒಳ್ಳೆ ನಿದ್ದೆ ಬರುತ್ತೆ ಅಂತ ತಮ್ಮ. ನನಗೆ ಕಾಡೇ ವಾಸಿ ಅನ್ನಿಸುತ್ತಿದೆ. ನಿಮಗೆ ಇಷ್ಟವಾದ ಜಾಗ ಎಂಥದ್ದು ಹೇಳಿ. ಫೋಟೋ ಚೆನ್ನಾಗಿ ಬರುವ ಜಾಗ ಬೇಡ, ಬೆಳಗ್ಗೆ ಎದ್ದಾಗ "ಇನ್ನೊಂದು ದಿನ ಇದ್ದುಬಿಡೋಣ" ಅನ್ನಿಸುವ ಜಾಗ ಬೇಕು.

ಹಳೇಬೂಟು

ತಪ್ಪು ಸರೋವರದ್ದಲ್ಲ, ನೀವು ಮಲಗಿದ ಜಾಗದ್ದು. ತಣ್ಣನೆ ಗಾಳಿಗೆ ತೂಕ ಜಾಸ್ತಿ. ಸೂರ್ಯ ಮುಳುಗಿದ ಮೇಲೆ ಅದು ನೀರಿನ ಹಾಗೆ ಇಳಿಜಾರಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಬೆಟ್ಟದ ಸರೋವರ ಇರುವುದೇ ತಗ್ಗಿನಲ್ಲಿ, ಅಲ್ವಾ? ಜೊತೆಗೆ ನೀರಿನ ಮೇಲಿನ ಗಾಳಿಯಲ್ಲಿ ತೇವ ಹೆಚ್ಚು, ಒಳಗೆ ಇಬ್ಬರ ಉಸಿರು ಬೇರೆ. ಅದೆಲ್ಲ ತಣ್ಣನೆ ಬಟ್ಟೆಗೆ ತಗುಲಿ ಹನಿಯಾಗುತ್ತದೆ. ಚಳಿ ಅಂತ ಜಿಪ್ ಪೂರ್ತಿ ಎಳೆದು ಮುಚ್ಚಿರುತ್ತೀರಿ, ಬಾಜಿ ಕಟ್ಟಿ ಹೇಳಬಲ್ಲೆ. ಮೇಲಿನ ಕಿಂಡಿ ತೆರೆದೇ ಇರಬೇಕು.

ನನಗೆ ಇಷ್ಟವಾದ ಜಾಗ ಅಂದರೆ ಸರೋವರ ಕಾಣುವಷ್ಟು ದೂರದ, ಸ್ವಲ್ಪ ಎತ್ತರದ ಸಮತಟ್ಟು ನೆಲ. ನೀರಿನಿಂದ 60 ಮೀಟರ್ ದೂರ, ಅಂದರೆ ದೊಡ್ಡವರ ಹೆಜ್ಜೆಯಲ್ಲಿ ಸುಮಾರು 70. ಚಾರಣಿಗರು ಬಹಳ ಕಡೆ ಹೇಳುವ ಅಳತೆ ಇದು. ದಡದ ಹುಲ್ಲು, ಪಾಚಿ ತುಳಿದರೆ ಮತ್ತೆ ಚಿಗುರೋಕೆ ವರ್ಷಗಟ್ಟಲೆ ಬೇಕು. ದೂರ ಇದ್ದರೆ ರಾತ್ರಿ ನೀರಿಗೆ ಬರುವ ಪ್ರಾಣಿಗಳಿಗೂ ನೀವು ಅಡ್ಡ ಮಲಗಿದ ಹಾಗಾಗುವುದಿಲ್ಲ. ಇನ್ನೊಂದು ವಿಷಯ, ಪೂರ್ವಕ್ಕೆ ಯಾವ ಗುಡ್ಡ ಇದೆ ಅಂತ ಸಂಜೆಯೇ ನೋಡಿಕೊಳ್ಳಿ. ಗುಡ್ಡದ ನೆರಳಲ್ಲಿ ಸಿಕ್ಕಿಕೊಂಡರೆ ಬಿಸಿಲು ಒಂಬತ್ತಾದರೂ ಮುಟ್ಟುವುದಿಲ್ಲ, ಟೆಂಟ್ ಒಣಗುವುದೂ ಇಲ್ಲ.

ಎತ್ತರಕ್ಕೆ ಹೋದಷ್ಟೂ ಚಳಿ ಏರುವುದು ಎಲ್ಲರಿಗೂ ಗೊತ್ತು. ಸರಾಸರಿ ಲೆಕ್ಕ 1000 ಮೀಟರಿಗೆ ಸುಮಾರು 6.5 ಡಿಗ್ರಿ. ಕೆಳಗಿನ ಊರಿನ ಹವಾಮಾನ ನೋಡಿಕೊಂಡು ಹೊದಿಕೆ ಕಟ್ಟಬೇಡಿ.

ಎಲೆಮನೆ

ಕಾಡು, ಕಾಡು, ಕಾಡು. ಮರದ ಕೆಳಗೆ ಇಬ್ಬನಿ ಕಡಿಮೆ, ಯಾಕೆಂದರೆ ರಾತ್ರಿ ನೆಲದ ಶಾಖ ಸೀದಾ ಆಕಾಶಕ್ಕೆ ಹೋಗದಂತೆ ಎಲೆಗಳು ತಡೆಯುತ್ತವೆ. ಗಾಳಿಯೂ ಮುರಿಯುತ್ತದೆ. ಬಯಲಲ್ಲಿ ನಡುಗಿ, ಅಲ್ಲಿಂದ ನೂರು ಹೆಜ್ಜೆ ಕಾಡಿನ ಒಳಗೆ ಬಂದರೆ ಬೇರೆ ಲೋಕ.

ಆದರೆ ಟೆಂಟ್ ಹಾಕುವ ಮೊದಲು ತಲೆ ಎತ್ತಿ ನೋಡಿ. ಹೆಚ್ಚಿನವರು ನೆಲ ನೋಡುತ್ತಾರೆ, ಕಲ್ಲು ಆರಿಸುತ್ತಾರೆ, ಮೇಲೆ ನೋಡೋದೇ ಇಲ್ಲ. ಒಣಗಿದ ಕೊಂಬೆ, ಮುರಿದು ಇನ್ನೊಂದು ಮರಕ್ಕೆ ಒರಗಿದ ಕಾಂಡ ಇದ್ದರೆ ಜಾಗ ಎಷ್ಟೇ ಚೆಂದ ಇರಲಿ, ಬಿಟ್ಟು ಮುಂದೆ ಹೋಗಿ. ಗಾಳಿ ಇಲ್ಲದ ರಾತ್ರಿಯೂ ಕೊಂಬೆ ಬೀಳುತ್ತದೆ. ನಾನು ಒಮ್ಮೆ ಸುಮ್ನೆ ಅನುಮಾನ ಬಂದು ಟೆಂಟನ್ನು ಹತ್ತು ಅಡಿ ಸರಿಸಿದ್ದೆ, ಜೊತೆಯವರೆಲ್ಲ ನಕ್ಕರು. ಬೆಳಗ್ಗೆ ಹಳೆ ಜಾಗದಲ್ಲಿ ನನ್ನ ತೊಡೆ ದಪ್ಪದ ಕೊಂಬೆ ಬಿದ್ದಿತ್ತು. ಆಮೇಲೆ ಯಾರೂ ನಗಲಿಲ್ಲ.

ಊಟದ ಸಾಮಾನು ಟೆಂಟಿನ ಒಳಗೆ ಇಡಬೇಡಿ. ಟೂತ್‌ಪೇಸ್ಟ್ ಕೂಡ. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಕಾಡೊಳಗೆ ಮಲಗುವವರು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲೇ ಊಟ ಇಡಬೇಕು ಅಂತ ಕಾನೂನೇ ಇದೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಟೆಂಟಿಗೇ ನುಗ್ಗೋಕೆ ಶುರು ಮಾಡುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗುತ್ತದೆ.

ಗುಂಯ್‌ಗುಡುವ

ತಮ್ಮನ ಪಕ್ಷ ವಹಿಸಲು ನಾನಿದ್ದೇನೆ. ಜಲಪಾತದಷ್ಟು ಒಳ್ಳೆ ಜೋಗುಳ ಇಲ್ಲ, ಒಪ್ಪಿದೆ. ಆದರೆ ಅದರ ಬುಡದಲ್ಲಿ ಮಲಗಿದವನು ನಾನು, ಅದಕ್ಕೇ ಹೇಳುತ್ತೇನೆ, ಬುಡದಲ್ಲಿ ಬೇಡ. ತುಂತುರು ಎಷ್ಟು ದೂರ ಹಾರುತ್ತದೆ ಅಂತ ಹಗಲಲ್ಲಿ ಗೊತ್ತಾಗಲ್ಲ, ಗಾಳಿ ತಿರುಗಿದಾಗ ಗೊತ್ತಾಗುತ್ತದೆ. ಬಂಡೆ ಒದ್ದೆಯಾದರೆ ಪಾಚಿ, ರಾತ್ರಿ ಮೂತ್ರಕ್ಕೆ ಎದ್ದವನು ಜಾರುವುದು ಅಲ್ಲೇ. ಮತ್ತೆ ಆ ಸದ್ದಿಗೆ ಪಕ್ಕದ ಟೆಂಟಿನವರು ಕೂಗಿದರೂ ಕೇಳಲ್ಲ.

ನಿಜವಾದ ಭಯ ಮೇಲಿನ ಮಳೆ. ನಿಮ್ಮ ತಲೆ ಮೇಲೆ ನಕ್ಷತ್ರ ಇರಬಹುದು, ನೀರು ಹುಟ್ಟುವ ಕಡೆ ಸುರಿಯುತ್ತಿರಬಹುದು. ನಾವು ಟೆಂಟ್ ಹಾಕಿದ್ದಾಗ ಸಂಜೆಯೇ ತಿಳಿನೀರು ಕೆಂಪಾಯಿತು, ಎಲೆ ಕಡ್ಡಿ ತೇಲಿ ಬಂತು, ಸದ್ದು ದಪ್ಪವಾಯಿತು. ಕತ್ತಲಾಗುವ ಮೊದಲು ಸಾಮಾನೆಲ್ಲ ಬಾಚಿಕೊಂಡು ಮೇಲೆ ಹತ್ತಿದೆವು. ಬೆಳಗ್ಗೆ ನೋಡಿದರೆ ನಾವು ಒಲೆ ಹೂಡಿದ್ದ ಕಲ್ಲೇ ಕಾಣಲಿಲ್ಲ. ದಂಡೆಯ ಪೊದೆಗಳಲ್ಲಿ ಹಳೆ ಕಸ, ಒಣ ಹುಲ್ಲು ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ ನೋಡಿ. ಹಿಂದೆ ಪ್ರವಾಹ ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಅದಕ್ಕಿಂತ ಸಾಕಷ್ಟು ಮೇಲೆ ಟೆಂಟ್ ಹಾಕಿ. ಜಲಪಾತ ಹಗಲಿಗೆ ಇರಲಿ, ರಾತ್ರಿಗೆ ದೂರದಿಂದ ಬರುವ ಅದರ ಸದ್ದು ಸಾಕು.

ಹಳೇಬೂಟು

@ಗುಂಯ್‌ಗುಡುವ ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ಮರೆತಿದ್ದೆ. ಎಲ್ಲೇ ಹೋದರೂ ಅಲ್ಲಿ ಟೆಂಟ್ ಹಾಕಬಹುದಾ ಅಂತ ಮೊದಲು ವಿಚಾರಿಸಿ. ನಾರ್ವೆಯಲ್ಲಿ ಬೇಲಿ ಇಲ್ಲದ, ಬೇಸಾಯ ಮಾಡದ ನೆಲದಲ್ಲಿ ಹತ್ತಿರದ ಮನೆಯಿಂದ 150 ಮೀಟರ್ ದೂರ ಇದ್ದರೆ ಯಾರನ್ನೂ ಕೇಳದೆ ಮಲಗಬಹುದು. ಅದೇ ಕ್ರೊಯೇಷಿಯಾದ ಪ್ಲಿಟ್ವಿಟ್ಸೆ, ಆ ಸಾಲು ಸಾಲು ಸರೋವರ, ಜಲಪಾತ ಇರುವ ಜಾಗ, ಅಲ್ಲಿ ಉದ್ಯಾನದ ಒಳಗೆ ಟೆಂಟೂ ಇಲ್ಲ, ಈಜೂ ಇಲ್ಲ. ಸ್ಕಾಟ್ಲೆಂಡಿನ ಲೋಮಂಡ್ ಸರೋವರದ ದಡದ ಬಹಳ ಕಡೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರವಾನಗಿ ಬೇಕು. ಒಂದೊಂದು ಕಡೆ ಒಂದೊಂದು ಥರ.

ಒದ್ದೆಕಾಲ್ಚೀಲ

ಜಿಪ್ ಪೂರ್ತಿ ಮುಚ್ಚಿದ್ದು ನಿಜ, ಮರ್ಯಾದೆ ಹೋಯ್ತು. ಒಂದು ಪ್ರಶ್ನೆ ಉಳಿದಿದೆ. ಸರೋವರದ ನೀರು ಕನ್ನಡಿ ಹಾಗಿತ್ತು, ಹಾಗೇ ಕುಡಿದೆವು. ಏನೂ ಆಗಲಿಲ್ಲ. ಪರವಾಗಿಲ್ವಾ?

ಎಲೆಮನೆ

ಈ ಸಲ ಬಚಾವಾದಿರಿ ಅಷ್ಟೇ. ಜಿಯಾರ್ಡಿಯಾ ಅಂತ ಹೊಟ್ಟೆ ಕೆಡಿಸುವ ಒಂದು ಸೂಕ್ಷ್ಮಜೀವಿ ಇದೆ, ಅದು ಕಣ್ಣಿಗೆ ಕಾಣಲ್ಲ, ತಿಳಿನೀರಲ್ಲೂ ಇರುತ್ತದೆ, ಹೊಟ್ಟೆ ಕೆಡೋದು ಒಂದೆರಡು ವಾರ ಬಿಟ್ಟು. ಮನೆಗೆ ಬಂದ ಮೇಲೆ ಶುರುವಾದರೆ ಯಾವುದರಿಂದ ಅಂತಲೂ ಹೊಳೆಯಲ್ಲ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, 2000 ಮೀಟರ್‌ಗಿಂತ ಮೇಲಿದ್ದರೆ ಮೂರು ನಿಮಿಷ, ಯಾಕೆಂದರೆ ಅಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಸೋಪು ಹಚ್ಚಿದ ಪಾತ್ರೆ ಸರೋವರದಲ್ಲಿ ತೊಳೆಯಬೇಡಿ, ಸೋಪಿನ ಡಬ್ಬಿ ಮೇಲೆ ಏನೇ ಬರೆದಿರಲಿ. ನೀರು ತಂದು ದೂರದಲ್ಲಿ ತೊಳೆದು ಮಣ್ಣಿಗೆ ಚೆಲ್ಲಿ.

ಒದ್ದೆಕಾಲ್ಚೀಲ

ಇನ್ನೂ ಎರಡು ವಾರ ಆಗಿಲ್ಲ, ಈಗ ಹೊಟ್ಟೆಯ ಕಡೆಗೇ ಗಮನ. ಸರಿ, ತೀರ್ಮಾನ ಆಯ್ತು. ಕಾಡಿನ ಅಂಚಲ್ಲಿ, ಸರೋವರ ಕಾಣುವ ಎತ್ತರದಲ್ಲಿ, ಜಲಪಾತದ ಸದ್ದು ಸಣ್ಣಗೆ ಕೇಳುವಷ್ಟು ದೂರದಲ್ಲಿ. ಇದನ್ನು ತಮ್ಮನಿಗೆ ಓದಿ ಹೇಳಿದೆ. "ಅಂಥ ಜಾಗ ಹುಡುಕೋಕೇ ಎರಡು ದಿನ ಬೇಕು, ಮಲಗೋದು ಯಾವಾಗ?" ಅಂತಾನೆ.