ಸಹಾಯ ಬೇಕು: ಬೆಂಗಳೂರಿನ ಕಾಡುಪಾಪ ಮತ್ತು ಬೀದಿದೀಪ

ಎಲ್ಲರಿಗೂ ನಮಸ್ಕಾರ. ರಾತ್ರಿಯ ಬೆಳಕು ನಗರದ ಪ್ರಾಣಿಗಳಿಗೆ ಏನು ಮಾಡುತ್ತದೆ ಅನ್ನೋದು ನನ್ನ ಅಧ್ಯಯನ. ಸದ್ಯ ಕಾಡುಪಾಪದ (ಸ್ಲೆಂಡರ್ ಲೋರಿಸ್, ರಾತ್ರಿ ಮರಗಳ ಮೇಲೆ ಓಡಾಡುವ ಪುಟ್ಟ ಪ್ರಾಣಿ) ಹಿಂದೆ ಬಿದ್ದಿದ್ದೇನೆ.

ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ), ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣಗಳಲ್ಲಿ ಇವು ಇರೋದು ಬಹಳ ಜನಕ್ಕೆ ಗೊತ್ತು. ಕೋತಿಯಂತೆ ನೆಗೆಯುವುದಿಲ್ಲ, ಒಂದು ಕೊಂಬೆ ಹಿಡಿದೇ ಇನ್ನೊಂದಕ್ಕೆ ದಾಟಬೇಕು. ಆ ದಾರಿಯಲ್ಲಿ ಹಳದಿ ಸೋಡಿಯಂ ದೀಪ ಹೋಗಿ ಬಿಳಿ ಎಲ್‌ಇಡಿ ಬಂದರೆ? ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕು ಹೆಚ್ಚು. ಸೋಡಿಯಂ ದೀಪಕ್ಕಿಂತ ಹೆಚ್ಚು ಹುಳುಗಳು ಮುತ್ತಬಹುದು. ಹುಳು ತಿನ್ನುವ ಕಾಡುಪಾಪ ಅದಕ್ಕಾಗಿ ಹತ್ತಿರ ಬರುತ್ತದೋ, ಬೆಳಕಿಗೆ ಹೆದರಿ ಆ ಮರವನ್ನೇ ಬಿಡುತ್ತದೋ ನೋಡಬೇಕು.

ಮಲ್ಲೇಶ್ವರ, ಯಶವಂತಪುರ, ಹೆಬ್ಬಾಳದ ಕಡೆ ಹಳೇ ಮರಗಳಿರುವ ರಸ್ತೆಯವರು ನಿಮ್ಮ ಬೀದಿಯ ದೀಪ ಯಾವಾಗ ಬದಲಾಯಿತು ತಿಳಿಸಿ. ಕಾಡುಪಾಪ ಕಂಡಿದ್ದರೆ, ಅಜ್ಜಿ ಹೇಳಿದ ಹಳೇ ನೆನಪಾದರೂ ಸರಿ. ಜಾಗವನ್ನು ಮಾತ್ರ ಇಲ್ಲಿ ಬರೆಯಬೇಡಿ, ನನಗೆ ಮೆಸೇಜ್ ಮಾಡಿ. ಮಾಟಮಂತ್ರಕ್ಕೆಂದು ಹಿಡಿಯುವವರು ಇನ್ನೂ ಇದ್ದಾರೆ.

ಹುಡುಕಲು ಹೊರಟರೆ ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿ. ಫ್ಲ್ಯಾಶ್ ಬೇಡವೇ ಬೇಡ. ಅಂದಹಾಗೆ, ಒಂದು ಲಕ್ಸ್ ಮೀಟರ್ (ಬೆಳಕಿನ ಪ್ರಮಾಣ ಅಳೆಯುವ ಉಪಕರಣ) ಕೆಲವು ವಾರ ಎರವಲು ಕೊಡುವವರು ಯಾರಾದರೂ ಇದ್ದೀರಾ?